ಬೀಚಿಗೆ ಹೊಂಟವರ ಮಕ್ಕಳ ಜೊತಿ ಯಾರು ಕುಂಡರಬೇಕು?

ನೋಡ್ರೆವಾ, ಕಾರವಾರದ ಕಡೆ ಒಂದು ರೆಸಾರ್ಟ್‌ನವರು 'ಮಕ್ಕಳನ್ನು ನಮ್ಮಲ್ಲಿ ಬಿಡಿ, ನೀವು ಬೀಚಿಗೆ ಹೋಗಿ' ಅಂತ ಜಾಹೀರಾತು ಹಾಕ್ಯಾರ. ನಮ್ಮ ಮನ್ಯಾಗ ಮೂರು ವರ್ಷದ ಅವಳಿಜವಳಿ ಅದಾವ. ಇವತ್ತ ಖುಷಿಲೆ ಫೋನ್ ಹಚ್ಚಿದೆ.

'ಮಕ್ಕಳ ಜೊತೆ ತಾಯಿ ಕೂತಿರಬೇಕು ಮೇಡಂ.'

'ಮತ್ತ ಅಲ್ಲೆ ನಿಮ್ಮದೇನ್ರಿ?'

'ಆಟದ ಸಾಮಾನು ನಮ್ಮದೇ ಮೇಡಂ.'

ಫೋನ್ ಇಟ್ಟೆ. ಬಾಜೂಕ ಕೂತಿದ್ದ ಗಂಡ, 'ಅದಕ್ಕ್ಯಾಕ ಸಿಟ್ಟು? ಅವ್ವನ್ನ ಕರ್ಕೊಂಡು ಹೋಗೂಣು, ಆಕಿ ಕುಂಡರ್ತಾಳ' ಅಂದ್ರು.

ರೊಟ್ಟಿ ಬಡಿಯಾಕತ್ತಿದ್ದ ಅತ್ತಿ ಕೈ ನಿಲ್ಲಿಸಿದ್ರು. 'ಹುಟ್ಟಿದಾಗಿಂದ ಸಮುದ್ರ ನೋಡಿಲ್ಲ ನಾ. ಅಲ್ಲಿತನಕಾ ಹೋಗಿ ಗ್ವಾಡಿ ನೋಡ್ಕೋತ ಕುಂಡರ್ಲೇನೋ?'

ಈ ಮಕ್ಕಳಿಗೆ ಒಬ್ಬ ಅಪ್ಪನೂ ಅದಾನ ಅನ್ನೂದು ರೆಸಾರ್ಟ್‌ನವಗೂ ಹೊಳಿಲಿಲ್ಲ, ಅಪ್ಪಗೂ ಹೊಳಿಲಿಲ್ಲ.

ಶನಿವಾರಕ್ಕ ಎರಡು ಬಸ್ ಟಿಕೆಟ್ ತಗಸೇನಿ, ನನಗೊಂದು, ಅತ್ತಿಗೊಂದು. ಮಕ್ಕಳ ಅಪ್ಪ ಇಲ್ಲೆ ನಮ್ಮ ಬೆಂಗೇರಿ ಮನ್ಯಾಗ ಅವುಗಳ ಜೊತಿ ಕುಂಡರ್ತಾರ. ಆಟದ ಸಾಮಾನು ನಮ್ಮದೇ.