ಪಟ್ಟಿಯಲ್ಲಿದ್ದ ಅರಳಿ

ತೋಟದ ತಾತನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಆ ಸೀಳಿನಲ್ಲಿ ಸದಾ ಒಂದು ಗೆರೆ ಕೆಮ್ಮಣ್ಣು. ಆ ಬೆಳಿಗ್ಗೆಯೂ ಎಂದಿನಂತೆ ಡಿಕಾಕ್ಷನ್ ಇಳಿಯಲು ಬಿಟ್ಟು, ಮಗಳಿಗೆ ಜಡೆ ಹೆಣೆದು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದಾಗ, ಅದೇ ಬೆರಳು ನಮ್ಮ ಫ್ಲ್ಯಾಟಿನ ಕಾಂಪೌಂಡ್ ಗೋಡೆಯ ಮೇಲೆ ಕಾಣಿಸಿತು. ಪೂಜೆಗೆ ನಾಲ್ಕು ನಂದಬಟ್ಟಲು ಇಟ್ಟು, "ಅಮ್ಮಣ್ಣಿ" ಎಂದು ಒಮ್ಮೆ ಮಾತ್ರ ಕರೆಯುವುದು ತಾತನ ರೂಢಿ. ಮಗಳು ತಮಿಳಿನಲ್ಲಿ ಉತ್ತರಿಸಿದರೆ, "ನಾಲ್ಗೆಗೆ ಕಸಿ ಕಟ್ಟವ್ರೆ" ಎಂದು ನಗುತ್ತಿದ್ದರು.

ಮದ್ರಾಸು ಚೆನ್ನೈ ಆದ ಹೊಸದು. ಗೋಡೆಯಾಚೆ ನುಂಗಂಬಾಕ್ಕಂನ ಹಳೆಯ ತೋಟದ ಬಂಗಲೆ. ಇಲ್ಲೆಲ್ಲ ಊರಾಚೆ ಎನ್ನಿಸಿಕೊಂಡಿದ್ದಾಗ ಯಾರೋ ಇಂಗ್ಲಿಷ್ ದೊರೆ ಕಟ್ಟಿಸಿದ್ದು. ಹುಲ್ಲುಹಾಸು ಮಾಡಲು ತಾತನ ಅಜ್ಜನನ್ನು ಹೊಸೂರಿನ ಕಡೆಯಿಂದ ಕರೆಸಿದನಂತೆ. ದೊರೆ ಹೋದ, ಅವನಿಂದ ಕೊಂಡ ವ್ಯಾಪಾರಿಯೂ ಹೋದ. ಮೂರು ತಲೆಮಾರು ತೋಟ ಕಾದವರು ಇವರೇ. ಆ ಮನೆಯ ಚರಿತ್ರೆಯನ್ನು ತಾತ ಗಿಡಗಳಲ್ಲೇ ಹೇಳುತ್ತಿದ್ದರು. ದೊರೆಸಾನಿ ಜ್ವರದಲ್ಲಿ ತೀರಿಕೊಂಡ ವರ್ಷ ನೆಟ್ಟ ಸಂಪಿಗೆ. ವ್ಯಾಪಾರಿಯ ಹೆಂಡತಿ ಟೆನಿಸ್ ಅಂಗಳ ಅಗೆಸಿ ಹಾಕಿಸಿದ ಮಲ್ಲಿಗೆ. ಬಾವಿಯ ಪಕ್ಕದ ಭಾರಿ ಮರ ಮಾತ್ರ ಯಜಮಾನರದಲ್ಲ. ಅಜ್ಜ ಊರಿಂದ ಹಸಿಬಟ್ಟೆಯಲ್ಲಿ ಸುತ್ತಿ ತಂದ ಸಸಿ. 'ಅಜ್ಜನ ಮರ' ಎಂದೇ ಕರೆಯುತ್ತಿದ್ದರು. "ಅದೊಂದು ನಮ್ದು" ಎನ್ನುವಾಗ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸುತ್ತಿದ್ದರು.

ಬಂಗಲೆ ಮಾರಾಟವಾಯಿತು. ಉಳಿಸಬೇಕಾದ ಗಿಡಮರಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಅಷ್ಟನ್ನು ಬಿಡುತ್ತೇವೆ ಎಂದರು ಬಿಲ್ಡರ್ ಕಡೆಯವರು. ಕಾನ್ವೆಂಟಿನಲ್ಲಿ ಓದಿದವಳೆಂದು ತಾತ ನನ್ನ ಬಳಿ ಬಂದರು. ಅಡುಗೆಮನೆಯ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಹೆಸರು ಹೇಳಿದರು. "ಅರಳಿ, ಬಾವಿ ತಾವ" ಎಂದರು. ನಾನು ಹುಟ್ಟಿದ್ದೇ ಮದ್ರಾಸಿನಲ್ಲಿ. ಅಜ್ಜನ ಮರ ನನಗೆ ತಮಿಳಿನ ಅರಸಮರ. ಅರಳಿ ಎಂದರೆ ಇಲ್ಲಿನವರ ಬಾಯಲ್ಲಿ ಕಣಗಿಲೆ. ಬಾವಿಯ ಬಳಿ ಕಣಗಿಲೆಯ ಪೊದೆಯೂ ಇತ್ತಲ್ಲ. ಅದರ ಇಂಗ್ಲಿಷ್ ಹೆಸರು, ಓಲಿಯಾಂಡರ್ ಎಂದು ದುಂಡಗೆ ಬರೆದೆ. ಸ್ಪೆಲ್ಲಿಂಗ್ ಸರಿಯೇ ಎಂದು ಡಿಕ್ಷನರಿ ಬೇರೆ ನೋಡಿದೆ. ಅಜ್ಜನ ಮರ ಬೇಡವೇ ಎಂದು ಕೇಳಲು ಮಾತ್ರ ಹೊಳೆಯಲಿಲ್ಲ.

ಆ ಬೆಳಿಗ್ಗೆ ನಂದಬಟ್ಟಲು ಎತ್ತಿಕೊಳ್ಳುವಷ್ಟರಲ್ಲೇ ಬಾವಿಯ ಕಡೆ ಗರಗಸದ ಸದ್ದು. ತಾತ ಓಡಿದರು. ಬಾಲ್ಕನಿಯಿಂದ ನೋಡಿದೆ. ಮೇಸ್ತ್ರಿ ಸಿಟ್ಟಿಲ್ಲದೆ, ನನ್ನ ಪಟ್ಟಿಯ ಮೇಲೆ ಬೆರಳಿಟ್ಟು, ಹಗ್ಗದ ಬೇಲಿ ಕಟ್ಟಿದ್ದ ಕಣಗಿಲೆಯನ್ನು ಅವರಿಗೆ ತೋರಿಸುತ್ತಿದ್ದ. ತಾತನ ಅರಳಿ ಎಂದರೆ ಅಜ್ಜನ ಮರವೇ ಎಂದು ನನಗೆ ಆಗ ತಿಳಿಯಿತು.

ಮಧ್ಯಾಹ್ನ ತಾತ ಗೋಡೆಯ ಬಳಿ ಬಂದರು. ತಲೆಯ ತುಂಬ ಮರದ ಹೊಟ್ಟು.

"ಅರಳಿ ಬರ್ದಿದ್ರಲ್ಲ, ಅಮ್ಮಣ್ಣಿ?"

"ಬರೆದಿದ್ದೆ, ತಾತ."

"ಅಂಗಾರೆ ಅವ್ರೇ ಮೋಸ ಮಾಡವ್ರೆ. ನೀವೇನ್ ಮಾಡಕ್ಕಾಯ್ತದೆ, ಬಿಡಿ."

ನನ್ನನ್ನೇ ಸಮಾಧಾನ ಮಾಡಿದರು. ನಾನು ನೀರು ಕೊಟ್ಟೆ. ಅದೇ ವಾರ ಹೊಸೂರಿನ ತಮ್ಮ ಮಗಳ ಮನೆಗೆ ಹೋದ ತಾತ ಆರು ತಿಂಗಳಲ್ಲಿ ತೀರಿಕೊಂಡರು. ಕೊನೆಯವರೆಗೂ ಆ ಮೇಸ್ತ್ರಿಯನ್ನೇ ಬೈಯುತ್ತಿದ್ದರಂತೆ.

ಮರ ಬಿದ್ದ ದಿನದ ಸಂಜೆ ನಾನು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯ ಮೈಸೂರಿನಾಕೆ ಬಾವಿಯತ್ತ ಕತ್ತು ಚಾಚಿದರು.

"ಅಷ್ಟು ದೊಡ್ಡ ಮರ ಕಡಿದು ಕಣಗಿಲೆಗೆ ಬೇಲಿ ಕಟ್ಟಿದ್ದಾರಲ್ರೀ, ಯಾವ ಪುಣ್ಯಾತ್ಮ ಹೇಳಿಕೊಟ್ನೋ. ಬೇಗ ಬೇಗ ತೆಗೀರಿ, ಧೂಳು ಬರ್ತಿದೆ."