ಬೆರಿಲ್ ಟೆಬಟ್ ಕೂತ ಆರನೇ ಕುರ್ಚಿ

ಶಾಲೆಯ ಅಡುಗೆಮನೆಯಲ್ಲಿ ಕಸ್ಟರ್ಡ್ ಬಡಿಸುವವಳ ಕೈಯಲ್ಲಿ ಎಷ್ಟು ಅಧಿಕಾರ ಇರುತ್ತದೆ ಎಂಬುದು ಹೆಡ್‌ಮಾಸ್ಟರುಗಳಿಗೆ ಗೊತ್ತಿರುವುದಿಲ್ಲ. ನನಗೆ ಗೊತ್ತು. ಶಾರ್ನ್‌ವೆಲ್ ಶಾಲೆಯಲ್ಲಿ ನಾನು ಆಲೂಗಡ್ಡೆ ಬಡಿಸುತ್ತಿದ್ದೆ, ನನ್ನ ಪಕ್ಕದಲ್ಲಿ ಬೆರಿಲ್ ಟೆಬಟ್ ಕೇಕಿನ ಮೇಲೆ ಹೊಯ್ಯುವ ಸಿಹಿ ಕಸ್ಟರ್ಡ್ ಬಡಿಸುತ್ತಿದ್ದಳು. ಮಕ್ಕಳು ನನ್ನ ಮುಂದೆ ಬಂದಾಗ ತಟ್ಟೆ ನೋಡುತ್ತಿದ್ದರು, ಅವಳ ಮುಂದೆ ಬಂದಾಗ ಮುಖ ನೋಡುತ್ತಿದ್ದರು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾದೀತು.

ಬೆರಿಲ್ ಗಿಡ್ಡಗೆ, ದುಂಡಗೆ ಇದ್ದಳು. ಅವಳ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಹದಿನೈದಕ್ಕೆ ಶಾಲೆ ಬಿಟ್ಟು ಕಾಲುಚೀಲದ ಕಾರ್ಖಾನೆ ಸೇರಿದವಳು, ಮದುವೆಯಾಗಿ ಮಗಳು ಹುಟ್ಟಿದ ಮೇಲೆ ನಮ್ಮ ಅಡುಗೆಮನೆಗೆ ಬಂದಳು. ಇಂಗ್ಲೆಂಡಿನ ಲೆಸ್ಟರ್ ಕಡೆ ನಾವು ಯಾರನ್ನು ಮಾತಾಡಿಸಿದರೂ ಅಕ್ಕರೆಗೆ 'ನನ್ನ ಬಾತುಕೋಳಿ' ಅನ್ನುತ್ತೇವೆ. ಹಾಲಿನವನೂ ಬಾತುಕೋಳಿ, ಪಾದ್ರಿಯೂ ಬಾತುಕೋಳಿ. ಆದರೆ ಬೆರಿಲ್ ಒಂದು ಕೈ ಮೇಲೆ. ಅಡುಗೆಮನೆಯ ತಪಾಸಣೆಗೆ ಬಂದ ಗಂಟುಮೋರೆಯ ಇನ್‌ಸ್ಪೆಕ್ಟರಿಗೂ "ಕಾಲೆತ್ತು ನನ್ ಬಾತುಕೋಳಿ, ನೆಲ ಒರೆಸ್ಬೇಕು" ಅಂದಿದ್ದಳು. ಆತ ಕಾಲೆತ್ತಿದ್ದ.

ಅವಳ ಮಗಳು ಲೋರ್ನಾ ಅಮ್ಮನಿಗೆ ತದ್ವಿರುದ್ಧ. ಉದ್ದಕ್ಕೆ, ತೆಳ್ಳಗೆ, ಮಾತು ಕಮ್ಮಿ. ಆ ಹುಡುಗಿಗೆ ಜರ್ಮನ್ ಭಾಷೆಯ ಹುಚ್ಚು ಹಿಡಿದಿತ್ತು. ನಮ್ಮೂರಲ್ಲಿ ಫುಟ್‌ಬಾಲ್ ಹುಚ್ಚು, ಪಾರಿವಾಳದ ಹುಚ್ಚು ಹಿಡಿದವರನ್ನು ನೋಡಿದ್ದೆವು, ಇದು ಹೊಸ ತರಹದ್ದು. ಅಂಟಿಸಿದವರು ಪ್ರಿಡ್‌ಮೋರ್ ಮೇಷ್ಟ್ರು, ಸೈಕಲ್ಲಿನಿಂದ ಇಳಿದ ಮೇಲೂ ಪ್ಯಾಂಟಿನ ಕ್ಲಿಪ್ಪು ತೆಗೆಯಲು ಮರೆಯುವ ಸಾಧು ಮನುಷ್ಯ. ಯೂನಿವರ್ಸಿಟಿಗೆ ಹೋಗಿ ಜರ್ಮನ್ ಓದಬೇಕು ಎಂಬುದೊಂದೇ ಲೋರ್ನಾಳ ಆಸೆ. ಅದಕ್ಕೆ ಮೊದಲು, ಹದಿನಾರು ತುಂಬಿದ ಮೇಲೆ, ಎಲ್ಲಾದರೂ ಸಿಕ್ಸ್ತ್ ಫಾರ್ಮ್ ಸೇರಿ ಎರಡು ವರ್ಷ ಮೂರೇ ವಿಷಯ ಹಿಡಿದು ಅರೆಯಬೇಕು. ಎಲ್ಲಿ ಸೇರುವುದು ಎಂಬುದೇ ಎಂಬತ್ತಾರನೇ ಇಸವಿಯಲ್ಲಿ ಟೆಬಟ್ ಮನೆಯ ದೊಡ್ಡ ಪ್ರಶ್ನೆಯಾಗಿತ್ತು.

ಲೆಸ್ಟರಿನಲ್ಲಿ ದೊಡ್ಡ ಕಾಲೇಜಿತ್ತು. ಅಮ್ಮ ಮಗಳು ನೋಡಿಕೊಂಡು ಬರಲು ಬಸ್ಸು ಹತ್ತಿದರು. ಮರುದಿನ ಬೆರಿಲ್ ಕ್ಯಾರೆಟ್ ಹೆಚ್ಚುತ್ತಾ ನನಗೆ ವರದಿ ಒಪ್ಪಿಸಿದಳು.

"ಗಾಜಿನ ಕಟ್ಟಡ ಕಣೇ ಡಾಟ್! ಕಿವಿಗೆ ಹಾಕ್ಕೊಂಡು ಜರ್ಮನ್ ಕೇಳೋಕೆ ಅಂತಾನೇ ಒಂದು ರೂಮಿದೆ. ಪ್ರಿನ್ಸಿಪಾಲ್ರೇ ಕೈ ಕುಲುಕೋಕೆ ಬಂದ್ರು. ಆದ್ರೆ ಇವಳು ಆಗಷ್ಟೇ ಬಸ್ಸಿಳಿದಿದ್ಲಲ್ಲ. ಸದ್ಯ, ಹೂಕುಂಡ ಹತ್ರಾನೇ ಇತ್ತು."

"ಹೂಕುಂಡಕ್ಕೆ ವಾಂತಿ ಮಾಡಿದ್ಲಾ?"

"ರಬ್ಬರ್ ಗಿಡ. ಚೆನ್ನಾಗಿ ಬೆಳ್ದಿತ್ತು ಪಾಪ. ವಾಪಸ್ ಬರೋವಾಗ ಕುಂಡ ಎಲ್ಲಿ ಸಿಗತ್ತೆ? ನನ್ ಟೋಪಿ ಕೊಟ್ಟೆ."

"ಹತ್ತು ಮೈಲಿಗೇ ಹೀಗಾದ್ರೆ ಜರ್ಮನಿಗೆ ಹೆಂಗೆ ಹೋಗ್ತಾಳೆ ಮಾರಾಯ್ತಿ?"

"ರೈಲಿಗೆ ಏನೂ ಆಗಲ್ಲ, ಹಡಗಿಗೂ ಆಗಲ್ಲ. ಬಸ್ಸು ಒಂದೇ ಅವಳಿಗೆ ಶತ್ರು" ಎಂದಳು ಬೆರಿಲ್.

ನಮ್ಮೂರಿಂದ ಲೆಸ್ಟರಿಗೆ ರೈಲಿರಲಿಲ್ಲ. ಎರಡು ವರ್ಷ ಬೆಳಗ್ಗೆ ಸಂಜೆ ಆ ಬಸ್ಸಿನಲ್ಲಿ ಹೋದರೆ ಹುಡುಗಿ ಯೂನಿವರ್ಸಿಟಿಗೆ ಹೋಗುವ ಮೊದಲು ಗಾಳಿಗೆ ಹಾರಿಹೋಗುತ್ತಾಳೆ. ಹಾಗಾಗಿ ಉಳಿದದ್ದು ನಮ್ಮದೇ ಶಾಲೆಯ ಸಿಕ್ಸ್ತ್ ಫಾರ್ಮ್.

ತಂದೆತಾಯಿಗಳನ್ನು ಕರೆಸಿ ಎಲ್ಲ ವಿವರಿಸುವ ಸಂಜೆ ಬೆರಿಲ್ ಏಪ್ರನ್ ಕಟ್ಟಿಕೊಂಡೇ ಬಂದಿದ್ದಳು, ಯಾಕೆಂದರೆ ಟೀ ಕೊಡುವ ಕೆಲಸವೂ ಅವಳದೇ. ಹೆಡ್‌ಮಾಸ್ಟರ್ ಹೇಥರ್ಲಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಜರ್ಮನ್‌ಗೆ ಇಲ್ಲೀವರೆಗೆ ನಾಲ್ಕೇ ಜನ ಹೆಸರು ಕೊಟ್ಟಿದ್ದಾರೆ. ಆರು ಜನ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಆ ತರಗತಿ ನಡಿಯಲ್ಲ" ಎಂದರು. ಹಿಂದಿನ ಸಾಲಿನಲ್ಲಿ ಬೆರಿಲ್ ಪಾದ್ರಿಗಳ ಕಪ್ಪಿಗೆ ಟೀ ಸುರಿಯುತ್ತಿದ್ದವಳು ಸುರಿಯುತ್ತಲೇ ಇದ್ದಳು. ಕಪ್ಪು ತುಂಬಿತು, ಸಾಸರ್ ತುಂಬಿತು, ಪಾದ್ರಿಗಳು ಕೂಗಿದರು. ಲೋರ್ನಾ ಮಾತ್ರ ಕಲ್ಲಿನ ಹಾಗೆ ಕೂತಿದ್ದಳು.

ಮರುದಿನದಿಂದ ಬೆರಿಲ್‌ಳ ಸೌಟು ಚುನಾವಣಾ ಪ್ರಚಾರಕ್ಕೆ ಇಳಿಯಿತು.

"ಮುಂದಿನ ವರ್ಷ ಜರ್ಮನ್ ತಗೋತೀಯಾ, ನನ್ ಬಾತುಕೋಳಿ?"

"ಇಲ್ಲ ಮಿಸೆಸ್ ಟೆಬಟ್, ನಾನು ಭೂಗೋಳ ತಗೋತೀನಿ."

ಅರ್ಧ ಸೌಟು.

"ನೀನು?"

"ಯೋಚ್ನೆ ಮಾಡ್ತಾ ಇದ್ದೀನಿ."

ಒಂದು ಸೌಟು. "ಇನ್ನೂ ಸ್ವಲ್ಪ ಯೋಚ್ನೆ ಮಾಡು" ಎಂದು ಇನ್ನರ್ಧ.

ಟ್ರೆವರ್ ಮಗಲ್ಟನ್ ಎಂಬ ಧಡಿಯ ಹುಡುಗ ಮೂರು ಸೌಟು ಗಿಟ್ಟಿಸಿ, "ಹಿಂಗೇ ಹಾಕ್ತಿದ್ರೆ ಚೀನಾ ಭಾಷೆ ಬೇಕಾದ್ರೂ ಓದ್ತೀನಿ" ಎಂದು ಘೋಷಿಸಿ ಜರ್ಮನ್‌ಗೆ ಹೆಸರು ಬರೆಸಿದ. ಅವನ ಹಿಂದೆಯೇ ಒಬ್ಬ ಹುಡುಗಿಯೂ ಬಂದಳು. ಅಲ್ಲಿಗೆ ಆರಾಯಿತು. ಹೆಡ್‌ಮಾಸ್ಟರ್ ಊಟಕ್ಕೆ ಬಂದಾಗ ಅವರ ಕೇಕಿನ ಮೇಲೆ ಬಿದ್ದದ್ದು ಒಂದು ಹನಿ ಅಷ್ಟೇ.

"ಏನು ಮಿಸೆಸ್ ಟೆಬಟ್, ನನಗಿಷ್ಟೇನಾ?"

"ಜರ್ಮನ್ ಗ್ಯಾರಂಟಿ ಅಂತ ನೀವಿನ್ನೂ ಬಾಯಿ ಬಿಟ್ಟು ಹೇಳಿಲ್ವಲ್ಲ ಸಾರ್."

"ಆಗಸ್ಟಲ್ಲಿ ರಿಸಲ್ಟ್ ಬರ್ಲಿ, ಆಮೇಲೆ ಹೇಳ್ತೀನಿ."

"ಹಾಗಾದ್ರೆ ಕಸ್ಟರ್ಡೂ ಆಮೇಲೇ" ಎಂದಳು. ಬೇಸಿಗೆ ರಜೆ ಬರುವ ತನಕ ಆ ಮನುಷ್ಯ ಒಣ ಕೇಕನ್ನೇ ತಿಂದರು.

ಆಗಸ್ಟಿನಲ್ಲಿ ರಿಸಲ್ಟ್ ಬಂತು. ಲೋರ್ನಾ ಎಲ್ಲದರಲ್ಲೂ ಚಿಂದಿ ಮಾಡಿದ್ದಳು. ಟ್ರೆವರ್ ಮಗಲ್ಟನ್ ಜರ್ಮನ್‌ನಲ್ಲಿ ಎಷ್ಟು ಅಡ್ಡಡ್ಡ ಮಲಗಿದ್ದನೆಂದರೆ ಸಿಕ್ಸ್ತ್ ಫಾರ್ಮಿನ ಬಾಗಿಲನ್ನೂ ಅವನು ಮುಟ್ಟುವಂತಿರಲಿಲ್ಲ. ಅವನ ಹೊಟ್ಟೆಗೆ ಹೋದ ಅಷ್ಟೂ ಕಸ್ಟರ್ಡ್ ನೀರಲ್ಲಿ ಹೋಮವಾಯಿತು.

ಶಾಲೆ ಶುರುವಾಗುವ ಮುಂಚೆ ನಾವು ಪಾತ್ರೆ ತಿಕ್ಕುತ್ತಿದ್ದಾಗ ಪ್ರಿಡ್‌ಮೋರ್ ಮೇಷ್ಟ್ರು ಅಡುಗೆಮನೆಗೆ ಬಂದು ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತರು. "ಐದೇ ಜನ. ಹೆಡ್‌ಮಾಸ್ಟರ್ ಆಗಲ್ಲ ಅಂದ್ಬಿಟ್ರು" ಎಂದರು. ಅವರ ಕಣ್ಣು ಕೆಂಪಾಗಿತ್ತು. ಬೆರಿಲ್ ಮೊದಲ ಸಲ ಬಾಯಿ ಮುಚ್ಚಿಕೊಂಡು ನಿಂತಿದ್ದನ್ನು ಕಂಡೆ. ಅದನ್ನು ನೋಡಲಾಗದೆ ನಾನೇ ತಮಾಷೆಗೆ ಬಾಯಿಬಿಟ್ಟೆ.

"ಆ ರಿಟೈರಾದ ಪೋಸ್ಟ್‌ಮ್ಯಾನ್ ಎರಡು ವರ್ಷ ಭೂಗೋಳದ ಕ್ಲಾಸಲ್ಲಿ ಕೂತು ಮಕ್ಕಳಿಗೆಲ್ಲ ಪೆಪ್ಪರ್‌ಮೆಂಟ್ ಹಂಚಲಿಲ್ವಾ? ನೀನೇ ಹೋಗಿ ಕೂತ್ಕೋ."

ನಮ್ಮ ಕಡೆಯ ಶಾಲೆಗಳಲ್ಲಿ ಹಾಗೊಂದು ಪದ್ಧತಿ ಇತ್ತು. ಊರಿನ ದೊಡ್ಡವರೂ ಹೆಸರು ಹಚ್ಚಿ ಹಗಲಿನ ತರಗತಿಗೆ ಬರಬಹುದಿತ್ತು, ಲೆಕ್ಕಕ್ಕೂ ಸೇರುತ್ತಿದ್ದರು. ಬೆರಿಲ್ ಮೇಷ್ಟ್ರ ಮುಖ ನೋಡಿದಳು, ಮೇಷ್ಟ್ರು ಬೆರಿಲ್ ಮುಖ ನೋಡಿದರು. ಇಬ್ಬರೂ ಒಟ್ಟಿಗೆ ಹೆಡ್‌ಮಾಸ್ಟರ್ ಕೋಣೆಗೆ ಓಡಿದರು. ಅವಳು ತರಗತಿಯಲ್ಲಿರುವ ಹೊತ್ತಿನ ಅವಳ ಪಾಲಿನ ಆಲೂಗಡ್ಡೆ ನಾನು ಸುಲಿಯಬೇಕಾಗುತ್ತದೆ ಎಂದು ಹೊಳೆಯುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

ಹೆಡ್‌ಮಾಸ್ಟರ್ ಒಪ್ಪಿದ ಸುದ್ದಿ ಕೇಳಿ ಲೋರ್ನಾ ಅಡುಗೆಮನೆಯ ಹಿತ್ತಲ ಬಾಗಿಲಿಗೆ ಓಡಿಬಂದಳು. ಆ ಹುಡುಗಿ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅಮ್ಮಾ, ನಾನು ಬಸ್ಸಲ್ಲೇ ಹೋಗ್ತೀನಿ. ಬಕೆಟ್ ಹಿಡ್ಕೊಂಡೇ ಹೋಗ್ತೀನಿ. ನೀನು ಮಾತ್ರ ಬರ್ಬೇಡ!"

"ನಿನ್ ಪಕ್ಕ ಕೂರಲ್ಲ ಚಿನ್ನ. ಹಿಂದೆ ಒಂದು ಮೂಲೇಲಿ ಕೂತಿರ್ತೀನಿ."

"ಏಪ್ರನ್ ಹಾಕ್ಕೊಂಡು ಬರ್ಬಾರ್ದು."

"ಹಾಕಲ್ಲ."

"ನಂಜೊತೆ ಮಾತಾಡ್ಬಾರ್ದು. ಮೇಷ್ಟ್ರನ್ನ ಬಾತುಕೋಳಿ ಅನ್ಬಾರ್ದು."

"ಅದೊಂದು ಕಷ್ಟ. ಪ್ರಯತ್ನ ಮಾಡ್ತೀನಿ" ಎಂದಳು ಬೆರಿಲ್.

ಮೊದಲ ದಿನ ನಡೆದದ್ದನ್ನು ಆ ತರಗತಿಯ ಪ್ರತಿಯೊಬ್ಬರೂ ನನಗೆ ಬಂದು ಹೇಳಿದ್ದಾರೆ. ಕಿಟಕಿ ಬದಿಯ ಆರನೇ ಕುರ್ಚಿಯಲ್ಲಿ ಬೆರಿಲ್ ಚರ್ಚಿಗೆ ಹಾಕುವ ಕೋಟು ತೊಟ್ಟು ಕೂತಿದ್ದಳು. ಮೇಷ್ಟ್ರು ದೊಡ್ಡವರಿಗೆ ಸಲ್ಲುವ ಮರ್ಯಾದೆಯಿಂದ ತಲೆಬಾಗಿ "ಗುಟೆನ್ ಮಾರ್ಗನ್, ಫ್ರಾವ್ ಟೆಬಟ್" ಎಂದು ಶುಭೋದಯ ಹೇಳಿದರು. ಹಿಂದಿನ ಸಂಜೆಯೆಲ್ಲಾ ನಿಘಂಟು ತಿರುವಿ ಹಾಕಿದ್ದ ಬೆರಿಲ್ ಎದ್ದು ನಿಂತು, ಇಡೀ ಕಾರಿಡಾರಿಗೆ ಕೇಳುವ ಹಾಗೆ, "ಗುಟೆನ್ ಮಾರ್ಗನ್, ಮೈನೆ ಎಂಟೆ!" ಎಂದಳು. ಎಂಟೆ ಅಂದರೆ ಜರ್ಮನ್‌ನಲ್ಲಿ ಬಾತುಕೋಳಿ. ಆ ದೇಶದಲ್ಲಿ ಹುಟ್ಟಿದ ಯಾರೂ ಇನ್ನೊಬ್ಬರನ್ನು ಹಾಗೆ ಕರೆದಿರಲಾರರು. ಮೇಷ್ಟ್ರು ನಕ್ಕ ರಭಸಕ್ಕೆ ಕನ್ನಡಕ ನೆಲಕ್ಕೆ ಬಿತ್ತು. ಲೋರ್ನಾ ಡೆಸ್ಕಿನ ಮುಚ್ಚಳ ಎತ್ತಿ ತಲೆ ಒಳಗಿಟ್ಟುಕೊಂಡಳು. ಅಂದಿನಿಂದ ಅವಳು ಮಧ್ಯಾಹ್ನ ನಮ್ಮ ಸಾಲಿಗೆ ಬರುವುದನ್ನೇ ಬಿಟ್ಟು, ಮನೆಯಿಂದ ಬ್ರೆಡ್ಡು ತಂದು ಮೈದಾನದ ಮೂಲೆಯಲ್ಲಿ ತಿನ್ನತೊಡಗಿದಳು.

ಬೆರಿಲ್‌ಗೆ ಅದು ನೋವಾಯಿತು. ಆದರೆ ಅವಳಿಗೆ ಇನ್ನೊಂದೂ ಆಗುತ್ತಿತ್ತು, ನಾನು ಕಣ್ಣಾರೆ ನೋಡುತ್ತಿದ್ದೆ. ಸೌಟು ಆಡಿಸುತ್ತಾ ಗೊಣಗುವಳು, ಒಲೆಗೆ ಬಯ್ಯುವುದೂ ಜರ್ಮನ್‌ನಲ್ಲೇ.

"ಆ ಭಾಷೇಲಿ ಆಲೂಗಡ್ಡೆ ಹೆಣ್ಣಂತೆ ಕಣೇ ಡಾಟ್! ಚಮಚ ಗಂಡಂತೆ. ಚಾಕು ಎರಡೂ ಅಲ್ವಂತೆ. ಹುಡುಗೀನೂ ಎರಡೂ ಅಲ್ವಂತೆ!"

"ಹುಡುಗಿ ಹೆಣ್ಣಲ್ವಂತಾ? ಅವರಿಗೇನು ತಲೆ ಕೆಟ್ಟಿದ್ಯಾ?"

"ನಾನೂ ಹಾಗೇ ಕೇಳ್ದೆ. ಮೇಷ್ಟ್ರು ಒಳ್ಳೇ ಪ್ರಶ್ನೆ ಅಂದ್ರು! ನಂಗೆ! ಒಳ್ಳೇ ಪ್ರಶ್ನೆ!" ಬೆರಿಲ್ ಒದ್ದೆ ಕೈ ಕೆನ್ನೆಗೆ ಒತ್ತಿಕೊಂಡಳು. "ನನ್ ತಲೇಲಿ ಇಷ್ಟೊಂದು ಜಾಗ ಖಾಲಿ ಬಿದ್ದಿತ್ತು ಅಂತ ನಂಗೇ ಗೊತ್ತಿರ್ಲಿಲ್ಲ ಕಣೇ."

ನಾನು ಎರಡಾಳಿನ ಆಲೂಗಡ್ಡೆ ಸುಲಿದು ಬೆರಳೆಲ್ಲ ಸೀಳಿಸಿಕೊಂಡಿದ್ದೆ. ಆದರೂ ಆ ಮಾತು ಕೇಳಿ ಕುಣಿಯಬೇಕು ಅನ್ನಿಸಿತು.

ಅಕ್ಟೋಬರಿನಲ್ಲಿ ಊರಿಗೆ ಹೊಸ ದನದ ಡಾಕ್ಟರು ಬಂದರು. ಅವರ ಮಗಳು ಫೆಲಿಸಿಟಿ ಸಿಕ್ಸ್ತ್ ಫಾರ್ಮ್ ಸೇರಿದಳು. ಅವಳ ವಿಷಯಗಳಲ್ಲಿ ಜರ್ಮನ್ ಕೂಡ ಇತ್ತು. ಯಾರೂ ಬೆರಿಲ್‌ಗೆ ಏಳು ಎಂದು ಹೇಳಲಿಲ್ಲ. ಅವಳೇ ಎದ್ದು ಆ ಹುಡುಗಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು, ಪುಸ್ತಕ ಮೇಷ್ಟ್ರ ಮೇಜಿನ ಮೇಲಿಟ್ಟು, ಅಡುಗೆಮನೆಗೆ ಬಂದು ಏಪ್ರನ್ ಕಟ್ಟಿಕೊಂಡಳು. ಮೇಷ್ಟ್ರು ಬಾಗಿಲ ತನಕ ಬಂದು ಕರೆದರೂ "ಇಲ್ಲಿ ಕೆಲ್ಸ ಜಾಸ್ತಿ ಇದೆ ಸಾರ್" ಎಂದುಬಿಟ್ಟಳು.

"ನಿಂಗೇನು ಬಂತೇ ರೋಗ? ಯಾರಾದ್ರೂ ಹೋಗು ಅಂದ್ರಾ?" ಎಂದು ನಾನು ರೇಗಿದೆ.

"ನಾನು ಲೆಕ್ಕ ತುಂಬೋಕೆ ಹೋದವಳು. ಲೆಕ್ಕ ತುಂಬ್ತು. ಮಗು ಎಷ್ಟು ದಿನ ಅಂತ ಮೈದಾನದಲ್ಲಿ ಬ್ರೆಡ್ ತಿನ್ನತ್ತೆ ಡಾಟ್?"

ನನಗೆ ಆ ಮಗುವಿನ ಮೇಲೆ ಕೆಂಡದಂಥ ಕೋಪ ಬಂತು. ಎರಡು ಬಾರಿಸಬೇಕು ಅನ್ನಿಸಿತು. ಬೆರಿಲ್ ಯಾರನ್ನೂ ಬಾತುಕೋಳಿ ಅನ್ನದೆ, ತಲೆ ತಗ್ಗಿಸಿ ಬಡಿಸುತ್ತಿದ್ದಳು. ಆ ವಾರ ಕಸ್ಟರ್ಡ್ ಗಂಟುಗಂಟಾಯಿತು. ಮಕ್ಕಳು ಅದನ್ನು ಹಾಗೇ ನುಂಗಿದರು.

ವಾರದ ಕೊನೆಗೆ, ಊಟದ ಸಾಲು ಬಾಗಿಲ ಆಚೆಗೂ ಬೆಳೆದಿದ್ದಾಗ, ಲೋರ್ನಾ ತಟ್ಟೆ ಹಿಡಿದು ನಮ್ಮ ಮುಂದೆ ಬಂದು ನಿಂತಳು. ತಟ್ಟೆಯಲ್ಲಿ ಊಟ ಇರಲಿಲ್ಲ, ಬೆರಿಲ್ ವಾಪಸ್ ಕೊಟ್ಟಿದ್ದ ಪುಸ್ತಕ ಇತ್ತು. ಹುಡುಗಿಯ ಕಿವಿ ಬೀಟ್‌ರೂಟ್ ಆಗಿತ್ತು.

"ಏನ್ ಹಾಕ್ಲಿ?" ಎಂದಳು ಬೆರಿಲ್, ಗುರುತಿಲ್ಲದವರನ್ನು ಕೇಳುವ ಹಾಗೆ.

"ಸೋಮವಾರ ಟೆಸ್ಟಿದೆ."

"ಚೆನ್ನಾಗಿ ಬರಿ."

"ನಿಂಗೂ ಇದೆ. ನೀನಿಲ್ದೆ ಆ ಕ್ಲಾಸು ಸತ್ತೋಗಿದೆ ಅಮ್ಮ. ಯಾರೂ ಏನೂ ಕೇಳಲ್ಲ. ಎಲ್ರೂ ಗೊತ್ತಿರೋ ಹಾಗೆ ತಲೆ ಅಲ್ಲಾಡಿಸ್ತೀವಿ, ಯಾರಿಗೂ ಏನೂ ಗೊತ್ತಾಗಲ್ಲ."

"ಆರು ಜನ ಇದ್ದೀರಲ್ಲ. ಕುರ್ಚಿ ಎಲ್ಲಿದೆ ನಂಗೆ?"

"ಏಳನೇದು ತಂದು ಹಾಕಿದ್ದೀನಿ. ನನ್ ಪಕ್ಕ."

ಬೆರಿಲ್ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಕಸ್ಟರ್ಡ್ ಧಾರೆಯಾಗಿ ಕೌಂಟರಿನ ಮೇಲೆ ಸುರಿಯುತ್ತಿತ್ತು. ಹಿಂದೆ ಇಡೀ ಶಾಲೆ ಕತ್ತು ಉದ್ದ ಮಾಡಿಕೊಂಡು ನಿಂತಿತ್ತು. ಲೋರ್ನಾ ಒಂದು ಸಲ ಹಿಂದೆ ತಿರುಗಿ ಅವರನ್ನೆಲ್ಲ ನೋಡಿದಳು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಥೇಟ್ ಅಮ್ಮನ ಗಂಟಲಲ್ಲಿ, "ಕೊಮ್, ಮೈನೆ ಎಂಟೆ!" ಎಂದಳು. ಬಾ, ನನ್ನ ಬಾತುಕೋಳಿ. ನನಗೂ ಅಷ್ಟು ಜರ್ಮನ್ ಬರುತ್ತಿತ್ತು ಆಗ.

ಬೆರಿಲ್ ಅತ್ತಳೋ ನಕ್ಕಳೋ ಹೇಳಲಾರೆ, ಎರಡೂ ಒಟ್ಟಿಗೆ ನುಗ್ಗಿಬಂತು. ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡಳು.

"ಸೌಟು ಹಿಡ್ಕೊಳೇ ಡಾಟ್" ಎಂದಳು. "ನಂಗೆ ಟೆಸ್ಟಂತೆ, ಓದ್ಬೇಕು!"

ಹೀಗೆ ಕಸ್ಟರ್ಡ್ ಸೌಟು ಮೊದಲ ಸಲ ನನ್ನ ಕೈಗೆ ಬಂತು. ಸಾಲಿನಲ್ಲಿ ಲೋರ್ನಾಳ ಹಿಂದೆ ನಿಂತಿದ್ದವರು ಹೆಡ್‌ಮಾಸ್ಟರ್ ಹೇಥರ್ಲಿ. ಅವರು ಕರ್ಚೀಫಿನಿಂದ ಮೂಗು ಒರೆಸಿಕೊಂಡು ತಟ್ಟೆ ಮುಂದೆ ಚಾಚಿದರು. ನಾನು ಅವರಿಗೆ ಎರಡು ಸೌಟು ಹಾಕಿದೆ.