ಮಗ್ಗದಲ್ಲೇ ಉಳಿದ ಮದುವೆ ಸೀರೆ

“ಅಕ್ಕಾರ, ಮುಂದಿನ ತಿಂಗಳು ನನ್ನ ಮದಿವಿ ಐತ್ರಿ,” ಎಂದು ಆ ಹುಡುಗ ತಲೆ ತಗ್ಗಿಸಿದ. ವಿಶಾಖಪಟ್ಟಣ ಬಂದರಿನ ಯುವ ಕಾರ್ಮಿಕರಿಗೆ ನಾನು ತೆಲುಗಿನಲ್ಲಿ ಎಚ್‌ಐವಿ ಬಗ್ಗೆ ತಿಳಿಹೇಳಿ, ಕಾಂಡೋಮ್ ಬಳಸುವುದನ್ನು ತೋರಿಸಿ ಮುಗಿಸಿದ್ದೆ. ಉಳಿದವರು ನಗುತ್ತ ಹೊರಟರು. ನರ್ಸ್ ಆದ ನಾನು ಕನ್ನಡದವಳೆಂದು ತಿಳಿದು ಇಳಕಲ್ಲಿನ ಇವನೊಬ್ಬ ನಿಂತಿದ್ದ. ಈಚೆಗೆ ಗೆಳೆಯರ ಜೊತೆ ಹೋಗಿ, ಕಾಂಡೋಮ್ ಇಲ್ಲದೆ ಒಬ್ಬಳೊಡನೆ ಮಲಗಿದ್ದನಂತೆ.

ಅಂದೇ ಅವನ ರಕ್ತ ಪರೀಕ್ಷಿಸಿದೆ, ಸೋಂಕು ಕಾಣಲಿಲ್ಲ. ಸೋಂಕು ತಗುಲಿದ್ದರೂ ಈಗಲೇ ರಕ್ತದಲ್ಲಿ ಕಾಣದಿರಬಹುದು, ಮೂರು ತಿಂಗಳ ಬಳಿಕ ಇನ್ನೊಮ್ಮೆ ಪರೀಕ್ಷಿಸಬೇಕು ಎಂದೆ. ಆಗಿನ್ನೂ ಎಲ್ಲರ ಕೈಯಲ್ಲಿ ಮೊಬೈಲ್ ಇರಲಿಲ್ಲ. ನನ್ನದನ್ನೇ ಕೇಳಿ ಪಡೆದು, ಮದುವೆಯಾಗಬೇಕಿದ್ದ ನೇಕಾರರ ಮನೆಯ ಹುಡುಗಿಗೆ ಎಲ್ಲವನ್ನೂ ಹೇಳಿದ. ಅವಳು ನನ್ನೊಡನೆ ಮಾತಾಡಬೇಕೆಂದಳಂತೆ. ಅವನು ಫೋನನ್ನು ನನಗೆ ಕೊಟ್ಟ.

“ಮದಿವಿ ಸೀರಿ ನಾನ ನೇಯಾಕತ್ತೀನ್ರಿ,” ಎಂದಳು ಆಕೆ. ಆಗಷ್ಟೇ ಅತ್ತ ದನಿಯಾಗಿತ್ತು. “ಇನ್ನ ಮೂರು ತಿಂಗಳು ಅದನ್ನ ಮುಗಸೂದಿಲ್ರಿ. ಅದು ಮುಗಿಯೂತನ ಮದಿವಿ ಬ್ಯಾಡ ಅಂತ ಮನ್ಯಾಗ ಹೇಳ್ತೀನಿ. ಅಲ್ಲೀತನ ಅವರನ್ನ ಒಬ್ಬರನ್ನ ಬಿಡಬ್ಯಾಡ್ರಿ.”

ಎರಡನೇ ಪರೀಕ್ಷೆಯಲ್ಲೂ ಸೋಂಕು ಕಾಣಲಿಲ್ಲ. ಮುಂದೆ ಮದುವೆಯ ಫೋಟೊ ಬಂದಾಗ ನಾನು ಮದುಮಕ್ಕಳ ಮುಖಕ್ಕಿಂತ ಮೊದಲು ನೋಡಿದ್ದು ಆ ಸೀರೆಯನ್ನು.